ಖಾಲಿ ಗಾಡಿಯ ಗಾಳಿ

ಡ್ರೈವರುಗಳು ಎದುರಿಗೆ ಅವಳನ್ನು ಗಾಳಿಯಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಬೈಗುಳದಕ್ಕ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಕ್ಚರ್ ಹಾಕಿ, ಗಾಳಿ ತುಂಬಿ ಬದುಕಿದವಳು. ಯಾವ ಗಾಡಿಯೇ ಬರಲಿ, ಪೈಪು ಹಚ್ಚುವ ಮೊದಲು ಒಂದೇ ಪ್ರಶ್ನೆ: "ಇವತ್ತು ಏನು ಲೋಡು?" ಯಾರಾದರೂ ಟೈರಿಗೆ ಒಂದು ಒದೆ ಕೊಟ್ಟು "ಗಟ್ಟಿಯಾಗಿದೆ ಬಿಡಿ" ಎಂದರೋ, ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. "ಕಾಲಿಗೇ ಗೊತ್ತಾಗೋ ಹಾಗಿದ್ರೆ ಮೀಟರ್ ಯಾಕೆ ಮಾಡಿದ್ರು? ನಿಮ್ಮ ಕಾಲನ್ನೇ ಇಲ್ಲಿ ನೇತುಹಾಕಿ ಹೋಗಿ!"

ಆದರೆ ಆ ವಾರದ ಕೋಪವೇ ಬೇರೆ. ಅದೆಲ್ಲ ಒಬ್ಬನ ಮೇಲೆ, ಒಡಹುಟ್ಟಿದ ತಮ್ಮನ ಮೇಲೆ.

ಒಂಬತ್ತು ದಿನದ ಹಿಂದೆ ಬೆಳಿಗ್ಗೆ ಅವನು ಪಿಕಪ್ ತಂದು ನಿಲ್ಲಿಸಿ, ಗಾಡಿ ತುಂಬ ನೆಲದ ಟೈಲ್ಸ್ ಹೇರಬೇಕು ಎಂದಿದ್ದ. ಅವಳೇ ಹಿಂದಿನ ಚಕ್ರಗಳಿಗೆ ಐವತ್ತೆಂಟು ಪೌಂಡ್ ಗಾಳಿ ತುಂಬಿ, "ಲೋಡ್ ಖಾಲಿಯಾದ್ಮೇಲೆ ಬಾ, ಕಮ್ಮಿ ಮಾಡ್ಕೊಡ್ತೀನಿ" ಎಂದಿದ್ದಳು. ಅವನು ಬರಲಿಲ್ಲ. ಮಧ್ಯಾಹ್ನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ತಮ್ಮ ಅವಳನ್ನು ಹಾಸಿಗೆ ಸಮೇತ, ಟೈಲ್ಸ್ ಇಳಿಸಿ ಖಾಲಿಯಾಗಿದ್ದ ಅದೇ ಗಾಡಿಯ ಹಿಂಭಾಗದಲ್ಲಿ ಮಲಗಿಸಿ ಆಸ್ಪತ್ರೆಗೆ ಓಡಿಸಿದ. ಮೇಲೆ ಭಾರವಿಲ್ಲ, ಕೆಳಗೆ ಕಲ್ಲಿನಂಥ ಟೈರು, ಹನ್ನೊಂದು ಕಿಲೋಮೀಟರ್ ಗುಂಡಿ. ಅಕ್ಕ ಆಸ್ಪತ್ರೆ ಮುಟ್ಟಿದಾಗ ಅಮ್ಮನ ಕೆಳತುಟಿ ಹರಿದಿತ್ತು. ಕೂಗಿದರೆ ಮಗ ಗಾಬರಿಯಾಗುತ್ತಾನೆ ಅಂತ ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳಂತೆ.

ಈಗ ಅಮ್ಮನನ್ನು ಮನೆಗೆ ಕರೆದೊಯ್ಯುವ ದಿನ. ಆಸ್ಪತ್ರೆಯ ಗಾಡಿಗಳೆಲ್ಲ ಹೊರಗೆ ಹೋಗಿದ್ದವು. ಕುಲುಕಾಡದಂತೆ ಮಲಗಿಸಿಕೊಂಡು ಹೋಗಿ, ಕೂಡಿಸಿದ ಮೂಳೆ ಮತ್ತೆ ಜರುಗಿದರೆ ನಡಿಗೆಯ ಆಸೆ ಬಿಡಬೇಕು, ಎಂದಿದ್ದರು ಡಾಕ್ಟರು. ತಮ್ಮ ದಪ್ಪ ಹಾಸಿಗೆ ಹಾಕಿಕೊಂಡು ಪಿಕಪ್ ತಂದ. ಅಕ್ಕ ಚೀಲದಿಂದ ಮೀಟರ್ ತೆಗೆದು ಹಿಂದಿನ ಚಕ್ರಕ್ಕೆ ಒತ್ತಿದಳು. ಅರವತ್ತು! ಅವಳ ಪಿತ್ತ ನೆತ್ತಿಗೇರಿತು.

"ಇನ್ನೂ ಅದೇ ಗಾಳೀಲಿ ಓಡಾಡ್ತಿದ್ದೀಯಲ್ಲೋ! ನಿನಗೇನು ಬುದ್ಧಿ ಇದೆಯಾ, ಇಲ್ವಾ?"

"ಟೈರ್ ಮೇಲೇ ಬರೆದಿದೆ ನೋಡಕ್ಕ, ಅರವತ್ತೈದು. ನಾನು ಅದಕ್ಕಿಂತ ಕಮ್ಮೀನೇ ಇಟ್ಟಿದ್ದೀನಿ."

"ಅದು ಟೈರು ತಡ್ಕೊಳ್ಳೋ ಲೆಕ್ಕ ಕಣೋ, ಅಮ್ಮ ತಡ್ಕೊಳ್ಳೋದಲ್ಲ! ಎಷ್ಟು ಹಾಕ್ಬೇಕು ಅಂತ ಬಾಗಿಲ ಸಂದೀಲಿ ಪಟ್ಟಿ ಇರುತ್ತೆ."

"ನನ್ನ ಗಾಡೀಲಿ ಅಂಥದ್ದೇನೂ ಇಲ್ಲ."

ಅವಳು ಬಾಗಿಲು ಎಳೆದು ತೆರೆದಳು. ಪಟ್ಟಿ ಇರಬೇಕಾದ ಜಾಗದಲ್ಲಿ ಕೆಂಪಕ್ಷರದ ಸ್ಟಿಕ್ಕರು ಮೆರೆಯುತ್ತಿತ್ತು: ಅಮ್ಮನ ಆಶೀರ್ವಾದ. ಅವಳು ಉಗುರು ಹಾಕಿ ಅದನ್ನು ಕಿತ್ತಳು. ಕೆಳಗೆ ಅಚ್ಚುಕಟ್ಟಾಗಿ ಎಲ್ಲ ಇತ್ತು. ಹಿಂದಿನ ಚಕ್ರ, ತುಂಬಿದ ಗಾಡಿಗೆ ಐವತ್ತೆಂಟು, ಖಾಲಿ ಗಾಡಿಗೆ ಮೂವತ್ತಾರು.

"ಅಮ್ಮನ ಹೆಸರು ಮೆತ್ತೋಕೆ ನಿನಗೆ ಇದೇ ಜಾಗ ಬೇಕಿತ್ತಾ?" ಎಂದು ಚೂರುಗಳನ್ನು ಅವನ ಎದೆಗೆ ಎಸೆದಳು.

ಅವನಿಗೂ ರೇಗಿತು. "ಅವತ್ತು ಐವತ್ತೆಂಟು ತುಂಬಿದ ಕೈ ಯಾರದಕ್ಕ? ಫೋನ್ ಮಾಡಿ, ಅಮ್ಮನ್ನ ಗಾಡೀಲಿ ಹಾಕ್ಕೊಂಡ್ ಹೊರಟೆ ಅಂದಾಗ ನೀನೇನಂದೆ? ಬೇಗ ಹೋಗು ಅಂದೆ. ಅಷ್ಟೇ."

ಅವಳು ಒಂಬತ್ತು ದಿನ ಅವನ ಮೇಲೆ ಹರಿಹಾಯ್ದದ್ದು ಈ ಮಾತು ತನ್ನ ಕಿವಿಗೆ ಬೀಳಬಾರದು ಅಂತಲೇ. ಊರವರನ್ನೆಲ್ಲ ಕೇಳುವ ಪ್ರಶ್ನೆಯನ್ನು ಅವತ್ತು ಫೋನಿನಲ್ಲಿ ತಮ್ಮನನ್ನು ಕೇಳಿರಲಿಲ್ಲ. ಒಂದು ಮೊಳೆಯಿಂದ ವಾಲ್ವು ಒತ್ತಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ಅವಳು ಕುಕ್ಕರಗಾಲಲ್ಲಿ ಕೂತು ಗಾಳಿ ಬಿಟ್ಟಳು. ಓಡಿ ಬಂದ ಟೈರು ಬಿಸಿಯಾಗಿ ಅಂಕಿ ಹೆಚ್ಚು ತೋರಿಸುತ್ತದೆಂದು ಮೂವತ್ತೊಂಬತ್ತಕ್ಕೆ ನಿಲ್ಲಿಸಿದಳು. ಮುಂದಿನ ಚಕ್ರಗಳನ್ನೂ ಪಟ್ಟಿ ನೋಡಿ ಸರಿ ಮಾಡಿದಳು. ಇಬ್ಬರೂ ಮುಖ ಊದಿಸಿಕೊಂಡೇ ಅಮ್ಮನನ್ನು ಮಲಗಿಸಿದರು.

ಅಕ್ಕ ಹಿಂದೆ ಅಮ್ಮನ ಪಕ್ಕ ಕೂತಳು. ತಮ್ಮ ಬೆನ್ನ ಹಿಂದಿನ ಗಾಜು ಸರಿಸಿಕೊಂಡು ನಿಧಾನಕ್ಕೆ ಓಡಿಸಿದ. ಮೊದಲ ಗುಂಡಿ ಬಂತು, ಹೋಯಿತು. ಅಮ್ಮ ಕಣ್ಣು ಬಿಟ್ಟಳು.

"ರಸ್ತೆ ರಿಪೇರಿ ಆಯ್ತೇನೇ?"

"ಇಲ್ಲಮ್ಮ. ಟೈರಿನ ಗಾಳಿ ಕಮ್ಮಿ ಮಾಡಿದ್ವಿ."

"ಹಾಗಾದ್ರೆ ಅವತ್ತು ಯಾಕೆ ಮಾಡ್ಲಿಲ್ಲ?"

ಗಾಜಿನ ಆಚೆಯಿಂದ ತಮ್ಮ ಹೇಳಿದ: "ತಪ್ಪು ನಂದಮ್ಮ. ನಾನೇ ಜಾಸ್ತಿ ತುಂಬ್ಕೊಂಡಿದ್ದೆ."

ಅಕ್ಕನ ಮೈ ಉರಿದುಹೋಯಿತು. ಇಷ್ಟು ದಿನ ಬೈಸಿಕೊಂಡವನು ಈಗ ಅವಳ ಮಾನ ಕಾಯಲು ಹೊರಟಿದ್ದ. "ಸುಳ್ಳು ಬೊಗಳಬೇಡ್ವೋ! ತುಂಬಿದ್ದು ನಾನಮ್ಮ. ಇವನು ಫೋನ್ ಮಾಡಿದಾಗ ಗಾಳಿ ಬಿಟ್ಟು ಹೊರಡು ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಪರವಾಗಿಲ್ಲ ಬಿಡು ಎನ್ನುತ್ತಾಳೇನೋ ಎಂದು ಅಮ್ಮನ ಮುಖ ನೋಡಿದಳು. ತುಟಿಯ ಗಾಯ ಇನ್ನೂ ಕರಿಗಟ್ಟಿಕೊಂಡಿತ್ತು.

"ಹೇಳ್ಬೇಕಿತ್ತು ಕಣೇ," ಎಂದಳು ಅಮ್ಮ. "ತುಂಬಾ ನೋವಾಯ್ತು."

ಮುಂದೆ ಇನ್ನೊಂದು ಗುಂಡಿ ಕಂಡಿತು. ಅವಳು ಎರಡೂ ಕೈಯಲ್ಲಿ ಹಾಸಿಗೆಯ ಅಂಚು ಹಿಡಿದು ಕೂತಳು.