ಕೊಳದ ಬದಿಗೆ ಹೊಡೆದ ಸರಳು

ನಮ್ಮ ತೋಟದಲ್ಲಿ ಒಂದು ಹಸು ಸತ್ತದ್ದು ನನ್ನಿಂದ. ಅದರ ತಪ್ಪನ್ನು ಹತ್ತು ವರ್ಷ ಹೊತ್ತವನು ನನ್ನ ಗೆಳೆಯ, ವೈರ್‌ಮನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತಾ ಬರೆಯುತ್ತಾ ಮತ್ತೇನಾದರೂ ನೆಪ ಹುಡುಕಿಕೊಂಡೇನು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮಾಯಸಂದ್ರದ ಹತ್ತಿರ ನಮ್ಮದು ಎರಡು ಎಕರೆ ತೆಂಗಿನ ತೋಟ, ತೋಟದ ತಲೆಗೇ ಮನೆ. ಬೋರ್‌ವೆಲ್ ತೊಟ್ಟಿ ತುಂಬಿ ಹರಿದ ನೀರು ಒಂದು ತಗ್ಗಿನಲ್ಲಿ ನಿಲ್ಲುತ್ತಿತ್ತು. ಅದನ್ನು ಅಗಲ ಮಾಡಿಸಿ ಸುತ್ತ ಕಲ್ಲು ಕಟ್ಟಿಸಿದೆ. ಹೆಂಡತಿ ಕೆರೆಯಿಂದ ತಾವರೆ ಗೆಡ್ಡೆ ತಂದು ನೆಟ್ಟಳು. ಹೂ ಬಿಡಲು ಶುರುವಾದ ಮೇಲೆ ಅಲ್ಲಿ ದೀಪ ಇರಬೇಕು ಎಂದು ನನಗೆ ಆಸೆ ಹತ್ತಿತು. ಸುತ್ತಮುತ್ತ ಯಾರ ತೋಟದಲ್ಲೂ ಅಂಥದ್ದು ಇರಲಿಲ್ಲ. ನಿಜ ಹೇಳಬೇಕೆಂದರೆ, ಅದೇ ನನಗೆ ಬೇಕಾಗಿದ್ದದ್ದು.

ಗೆಳೆಯನನ್ನು ಕರೆದೆ. ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಬಂದ ದಿನ ಒಂದು ತುಂಡು ವೈರನ್ನೂ ಮುಟ್ಟಲಿಲ್ಲ. ತೋಟದಲ್ಲಿ ಸುಮ್ಮನೆ ತಿರುಗಾಡಿ ಗರಿ ಎಲ್ಲಿ ಬಿದ್ದಿವೆ, ಕಾಯಿ ಎಲ್ಲಿ ಬೀಳುತ್ತವೆ ಎಂದು ನೋಡಿಕೊಂಡ. ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಕೇಳಿ ತೆಗೆದುಕೊಂಡು ಅದರ ಹಿಂದೆ ನಕ್ಷೆ ಬರೆದ. ನಾಲ್ಕು ಮರಗಳ ನಡುವೆ ಕಾಯಿ ಬೀಳದ ಜಾಗದಲ್ಲಿ ಮೂರು ದೀಪದ ಒಂದು ಕಂಬ. ಮನೆಯಿಂದ ಅಲ್ಲಿಗೆ ಎರಡಡಿ ಆಳದ ಕಾಲುವೆ, ಅದರಲ್ಲಿ ಪೈಪು, ಪೈಪಿನೊಳಗೆ ಕೇಬಲ್. ಮುಂದೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಹೆಂಚು ಸಿಗಲಿ ಎಂದು ಪೈಪಿನ ಮೇಲೆ ಹಳೆಯ ಹೆಂಚು ಹಾಸಿಸಿದ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ, ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿಯನ್ನು ಕೊಳದಿಂದ ದೂರ, ಮನೆಯ ಹಿಂದೆ ಮಾಡಿಸಿದ. ಕೆಲಸ ಮುಗಿಯಲು ವಾರ ಹಿಡಿಯಿತು. ಅವನ ನಿಧಾನಕ್ಕೆ ನಾನು ರೇಗಿಸಿದರೆ ನಕ್ಕುಬಿಡುತ್ತಿದ್ದ.

ಹೋಗುವಾಗ ಒಂದು ಮಾತು ಹೇಳಿದ.

"ಲೇ, ವೋಲ್ಟೇಜ್ ಕಮ್ಮಿ ಆಯ್ತು ಅಂತ ಎಲ್ರೂ ಮಾಡ್ದಂಗೆ ಇಲ್ಲಿ ಸರಳು ಹೊಡೆದೀಯ. ನೀರಿರೋ ಜಾಗ ಕಣ್ಲಾ ಇದು."

ಅವನು ಹೇಳಿದ ಆ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮ ಮನೆ ಲೈನಿನ ತುತ್ತತುದಿಯಲ್ಲಿತ್ತು. ಸಂಜೆಯಾದರೆ ಬಲ್ಬು ಕೆಂಡದಂತೆ ಕೆಂಪಗೆ ಮಿಣುಕುತ್ತಿತ್ತು. ಆಗ ತೋಟದ ಮನೆಗಳಲ್ಲಿ ಕರೆಂಟು ವಾಪಸು ಹೋಗುವ ನ್ಯೂಟ್ರಲ್ ವೈರನ್ನು ಬಿಚ್ಚಿ, ಅದರ ಬದಲು ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಹೊಡೆದು ಅದಕ್ಕೆ ವೈರು ಸುತ್ತುತ್ತಿದ್ದರು. ಕರೆಂಟು ಆ ಸರಳಿನಿಂದ ನೆಲಕ್ಕಿಳಿಯುತ್ತಿತ್ತು; ನೆಲ ಒದ್ದೆಯಾಗಿದ್ದಷ್ಟೂ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಅದಕ್ಕೇ ಬಚ್ಚಲ ನೀರು ಹರಿಯುವ ಕಡೆ, ತೆಂಗಿನ ಪಾತಿಯಲ್ಲಿ ಸರಳು ಹೊಡೆಯುವುದು ವಾಡಿಕೆ. ಅದೊಂದು ತಪ್ಪು ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ನನ್ನ ಮೂರು ದೀಪಗಳೂ ಕೆಂಪಗೇ ಉರಿದವು. ನೆಂಟರು ಬರುವವರಿದ್ದರು. ಅವರಿಗೆ ಆ ಮಂಕು ದೀಪ ತೋರಿಸಲು ಮನಸ್ಸಾಗಲಿಲ್ಲ. ಒಂದು ಮಧ್ಯಾಹ್ನ ದೀಪದ ಕಂಬದ ವೈರಿನ ಡಬ್ಬಿ ತೆಗೆದು, ನ್ಯೂಟ್ರಲ್ ಬಿಚ್ಚಿ, ಬೇರೆ ವೈರು ಸೇರಿಸಿ ಮಣ್ಣಿನಡಿ ತಂದೆ. ತೋಟದಲ್ಲೆಲ್ಲ ಅತಿ ಒದ್ದೆಯಾದ ನೆಲ ಯಾವುದು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಕೊಳದ ಕಲ್ಲಿನಿಂದ ಮೂರಡಿ ಈಚೆಗೆ ಸರಳು ಹೊಡೆದು, ಮೇಲೆ ಹುಲ್ಲು ಮುಚ್ಚಿದೆ.

ನೆಂಟರು ಬಂದ ಸಂಜೆ ಜಗಲಿಯಲ್ಲಿ ನಿಂತು ಸ್ವಿಚ್ಚು ಹಾಕಿದೆ. ದೀಪಗಳು ಬೆಳ್ಳಗೆ ಹೊತ್ತಿಕೊಂಡವು. ಅದೇ ಹೊತ್ತಿಗೆ ಹೆಂಡತಿ ಹಗ್ಗ ಹಿಡಿದು ಹಸುವನ್ನು ಕೊಟ್ಟಿಗೆಗೆ ಹೊಡೆದುಕೊಂಡು ಬರುತ್ತಿದ್ದಳು. ಗಬ್ಬದ ಹಸು. ನೀರು ಕುಡಿಯಲು ಕೊಳದ ಕಡೆ ತಿರುಗಿತು, ಮುಂಗಾಲು ಸರಳಿನ ಹತ್ತಿರ ಇಟ್ಟಿತು, ಹಾಗೇ ಮಗ್ಗುಲಾಗಿ ಬಿತ್ತು. ನಾನು ಸ್ವಿಚ್ಚು ತೆಗೆಯುವಷ್ಟರಲ್ಲಿ ಮುಗಿದಿತ್ತು.

ಏನಾಯಿತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಯಾರೂ ಆ ಕಡೆ ಹೋಗಬೇಡಿ ಎಂದು ಎಲ್ಲರನ್ನೂ ಹಿಂದೆ ಕಳಿಸಿದೆ. ಬೆಳಕು ಹರಿಯುತ್ತಿದ್ದಂತೆ ಒಬ್ಬನೇ ಹೋಗಿ, ಸರಳು ಕಿತ್ತು, ನ್ಯೂಟ್ರಲನ್ನು ಮೊದಲಿನಂತೆ ಸುತ್ತಿ, ಡಬ್ಬಿ ಮುಚ್ಚಿದೆ. ಸರಳನ್ನು ಮಟ್ಟೆಯ ರಾಶಿಯೊಳಗೆ ತುರುಕಿದೆ.

ಹಸುವನ್ನು ಹೂಳಲು ಅಕ್ಕಪಕ್ಕದ ತೋಟದವರೆಲ್ಲ ಬಂದರು. ಗೆಳೆಯನೂ ಸೈಕಲ್ಲಿನಲ್ಲಿ ಬಂದ. ಹೆಂಚು ಎತ್ತಿ, ಪೈಪು ಬಿಚ್ಚಿ, ಕೇಬಲನ್ನು ಅಂಗುಲ ಅಂಗುಲ ನೋಡಿದ. ಏನೂ ಸಿಗಲಿಲ್ಲ. ಯಾರೋ ಹಿಂದಿನಿಂದ, ವಾರಗಟ್ಟಲೆ ನಕ್ಷೆ ಬರೆದು ಹಸು ಕೊಂದ ಎಂದರು. ಅವನು ಎಲ್ಲರ ಎದುರಿಗೇ ನನ್ನ ಹೆಂಡತಿಗೆ ಕೈಮುಗಿದ.

"ಎಲ್ಲೋ ನಾನೇ ತಪ್ಪಿದೀನಿ ಕಣವ್ವ."

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅವನು ವೈರು ಎಳೆದ ಕಡೆ ದನ ಕಟ್ಟಬೇಡಿ ಎಂಬ ಮಾತು ತುರುವೇಕೆರೆಯವರೆಗೂ ಹೋಯಿತು. ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಕೊನೆಗೆ ತುರುವೇಕೆರೆಯಲ್ಲಿ ಮೋಟರು ವೈಂಡಿಂಗ್ ಮಾಡುವ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಕೂತ. ನಾನು ಸಿಕ್ಕಾಗಲೆಲ್ಲ ಕಾಫಿ ಕುಡಿಸುತ್ತಿದ್ದೆ. ಅದನ್ನೂ ಇಲ್ಲಿ ಬರೆಯಬೇಕು, ಏಕೆಂದರೆ ಆ ಕಾಫಿಯಿಂದ ನಾನು ಒಳ್ಳೆಯವನೆಂದು ನನಗೇ ಅನ್ನಿಸುತ್ತಿತ್ತು.

ಹೀಗೆ ಹತ್ತು ವರ್ಷ ಕಳೆಯಿತು. ಒಮ್ಮೆ ಸುಟ್ಟ ಮೋಟರು ತೆಗೆದುಕೊಂಡು ಆ ಅಂಗಡಿಗೆ ಹೋಗಿದ್ದೆ. ಗೆಳೆಯನ ತಮ್ಮ ಹೊಸ ಮನೆ ಕಟ್ಟಿಸುತ್ತಿದ್ದ; ವೈರಿಂಗ್ ನೀನೇ ಮಾಡು ಎಂದು ಅವನು ಕರೆದರೂ ಆಗುವುದಿಲ್ಲ ಎಂದುಬಿಟ್ಟೆ ಎಂದು ಗೆಳೆಯ ಹೇಳಿದ. ಯಾಕೆಂದು ಕೇಳಿದೆ.

"ನನ್ ಕೈನ ನಾನೇ ನಂಬಲ್ಲ ಕಣ್ಲಾ. ಆ ಮನೇಲಿ ಮಕ್ಳು ಓಡಾಡ್ತವೆ."

ಆಗ ಹೇಳಿದೆ. ಸರಳು, ಹುಲ್ಲು, ಬೆಳಗಿನ ಜಾವ ಕಿತ್ತದ್ದು, ಎಲ್ಲ. ಅವನು ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸಿದ. ಬಯ್ಯುತ್ತಾನೆಂದು ಕಾದೆ. ಅವನು ಕೇಳಿದ್ದು ನ್ಯೂಟ್ರಲ್ ಎಲ್ಲಿ ಬಿಚ್ಚಿದೆ, ನೀರಿನಿಂದ ಎಷ್ಟಡಿ ದೂರ, ಸರಳು ಎಷ್ಟು ಆಳ ಇಳಿದಿತ್ತು ಎಂದು. ಒಂದೊಂದಕ್ಕೂ ಉತ್ತರ ಕೊಟ್ಟೆ.

"ಹಂಗಾದ್ರೆ ನನ್ ಜಾಯಿಂಟ್‌ನಾಗೆ ಏನೂ ತಪ್ಪಿರ್ಲಿಲ್ಲ" ಎಂದ. ಮತ್ತೆ ತಂತಿಗೆ ಕೈ ಹಾಕಿ, "ನಂಗೆ ಹೇಳ್ದೆ, ಸರಿ. ಅವತ್ತು ಹಸು ಹೂಳಕ್ಕೆ ಬಂದಿದ್ದೋರ್ಗೆ ಹೇಳು" ಎಂದ.

ಮನೆಗೆ ಬಂದು ಮೊದಲು ಹೆಂಡತಿಗೆ ಹೇಳಿದೆ.

"ಅವತ್ತು ಹಗ್ಗ ನನ್ ಕೈಲಿತ್ತು ಕಣ್ರೀ" ಎಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಎಲ್ಲರೂ ಸಾಲಾಗಿ ನಿಂತಿದ್ದಾಗ ಹೇಳಿದೆ. ಹಿಂದಿದ್ದವರಿಗೆ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಹೇಳಬೇಕಾಯಿತು. ಒಬ್ಬರು ಹಳೆಯದು ಬುಡು ಎಂದರು. ಅಂದು ಹಿಂದಿನಿಂದ ಮಾತಾಡಿದವರು ಮಾತ್ರ ಕ್ಯಾನನ್ನು ಕೆಳಗಿಟ್ಟು, ನನ್ನ ಮುಖ ನೋಡದೆ, ತಾವು ಆಡಿದ ಮಾತಿಗೆ ಈಗ ಏನು ಮಾಡುವುದು ಎಂದು ಕೇಳಿದರು.

ಗೆಳೆಯ ತಮ್ಮನ ಮನೆಯ ವೈರಿಂಗ್ ಮಾಡಿದ. ಗೃಹಪ್ರವೇಶಕ್ಕೆ ಹೋಗಿ ಸ್ವಿಚ್ಚುಗಳನ್ನು ನೋಡಿ ಬಂದೆ. ಆದರೆ ನಮ್ಮ ಮನೆಗೆ ಅವನು ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ. ಅಂದು ಹಸು ಹೂಳಲು ಬಂದವರಲ್ಲಿ ನಾಲ್ಕು ಜನ, ನಾನು ಬಾಯಿ ಬಿಡುವ ಮೊದಲೇ ತೀರಿಹೋಗಿದ್ದರು. ಆ ಹಸು ಸತ್ತದ್ದು ಅವನ ಕೈಯಿಂದಲೇ ಎಂದು ತಿಳಿದುಕೊಂಡೇ ಅವರು ಹೋದರು. ಅವರ ಮಕ್ಕಳಾದರೂ ಓದಲಿ ಎಂದು ಇದನ್ನು ಬರೆದಿದ್ದೇನೆ.