ಅವ್ವನ ಪಾಲಿನ ಹಾಳೆ

ನನಗೆ ಸ್ವಲ್ಪ ಜಂಬ ಇದೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪವಲ್ಲ, ಸಾಕಷ್ಟೇ ಇದೆ. ಅದೂ ನನ್ನ ಬೆರಳುಗಳ ಬಗ್ಗೆ. ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಕಂಪ್ಯೂಟರೇ ಓದಿ ಹೇಳುತ್ತದೆ. ತಂಗಿಯ ಮಗಳು ಮೌಸಿನ ಬಾಣ ಎಲ್ಲಿ ಹೋಯಿತೆಂದು ಹುಡುಕುವಷ್ಟರಲ್ಲಿ ನಾನು ಎರಡು ಕೀ ಒತ್ತಿ, ಕೆಲಸ ಮುಗಿಸಿ, ಚಹಾಕ್ಕೆ ಕೂಗು ಹಾಕಿರುತ್ತೇನೆ. ಎಚ್ ಒತ್ತಿದರೆ ಒಂದು ತಲೆಬರಹದಿಂದ ಮುಂದಿನದಕ್ಕೆ ಜಿಗಿತ. ಕಂಟ್ರೋಲ್ ಒತ್ತಿದರೆ ಮಾತಾಡುತ್ತಿದ್ದ ಯಂತ್ರ ಗಪ್‌ಚಿಪ್. ಮನುಷ್ಯರಿಗೂ ಅಂಥದೊಂದು ಕೀ ಇಟ್ಟಿದ್ದರೆ ದೇವರ ಗಂಟೇನು ಹೋಗುತ್ತಿತ್ತು!

"ಮಾಮಾ, ಇವನ್ನೆಲ್ಲ ಯಾವಾಗ ಕಲಿತ್ರಿ?" ಎಂದು ಅವಳು ಕೇಳುತ್ತಾಳೆ. ಎಪ್ಪತ್ತರ ದಶಕದಲ್ಲಿ, ಬಳ್ಳಾರಿಯಲ್ಲಿ ಎಂದರೆ ನಗುತ್ತಾಳೆ.

ಆಗ ನಾನು ಕುರುಗೋಡಿನಿಂದ ಬಸ್ಸು ಹತ್ತಿ ಬಳ್ಳಾರಿಯ ಒಂದು ಟೈಪಿಂಗ್ ಶಾಲೆಗೆ ಹೋಗುತ್ತಿದ್ದೆ. ಮೊದಲ ದಿನ, ಈ ಕುರುಡನಿಗೆ ಇಲ್ಲೇನು ಕೆಲಸ ಎಂದು ಹುಡುಗರು ಗುಸುಗುಸು ನಡೆಸಿದ್ದರು. ಮೇಷ್ಟ್ರು ಮಾತ್ರ ಕುರ್ಚಿ ಎಳೆದು ಹಾಕಿದರು. "ಟೈಪಿಂಗ್ ಅಂದ್ರ ಕೀ ನೋಡದ ಒತ್ತೋ ವಿದ್ಯೆ. ನೋಡಬ್ಯಾಡ್ರಲೇ ಅಂತ ಇವರಿಗೆ ಹೊಯ್ಕೊಂಡು ಹೊಯ್ಕೊಂಡು ಗಂಟಲು ಬಿದ್ದೈತಿ. ನಿನಗ ಹೇಳೋ ತ್ರಾಸ ಇಲ್ಲಪ, ಕೂಡು." ಕೈ ಇಡುವ ಜಾಗ ಸಿಗಲೆಂದು ಎರಡು ಕೀಗಳ ಮೇಲೆ ಒಂದೊಂದು ಹನಿ ಅರಗು ಬಿಟ್ಟುಕೊಟ್ಟರು.

ಉಳಿದ ಒಳದಾರಿಗಳನ್ನು ನಾನೇ ಹುಡುಕಿಕೊಂಡೆ. ಸಾಲು ಮುಗಿಯುತ್ತ ಬಂದರೆ ಗಂಟೆ "ಟಿಣ್" ಎನ್ನುತ್ತಿತ್ತು. ಹಾಳೆ ಸುತ್ತಿದ ಉರುಳೆಯ ಕಟಕಟ ಸದ್ದಿನಲ್ಲಿ ಎಷ್ಟು ಸಾಲು ಇಳಿದೆನೆಂಬುದು ತಿಳಿಯುತ್ತಿತ್ತು. ಟ್ಯಾಬ್ ಒತ್ತಿದರೆ ಹಾಳೆ ಹೊತ್ತ ಗಾಡಿ ನೇರ ಸಹಿಯ ಜಾಗಕ್ಕೆ. ಸಂಗನಕಲ್ಲಿನ ಗುಡ್ಡದ ಕಡೆ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆಯಂತೆ, ಶಿಲಾಯುಗದವರು ಬಡಿದು ಬಡಿದು ಗುಳಿ ಬಿದ್ದಿವೆಯಂತೆ. ಬಲ್ಲವರು ಅದನ್ನು ಸಂಗೀತ ಎನ್ನುತ್ತಾರೆ. ನನ್ನನ್ನು ಕೇಳಿದರೆ, ಅವರು ನಮ್ಮ ಜಿಲ್ಲೆಯ ಮೊದಲ ಟೈಪಿಸ್ಟರು.

ನನಗಿಂತ ಹೆಚ್ಚು ಜಂಬ ಅವ್ವನಿಗಿತ್ತು. ಅವಳಿಗೆ ಓದು ಬರದು. ಆದರೂ ವಾರಕ್ಕೊಂದು ಹಾಳೆ ಬೇಕೇ ಬೇಕು. ಎರಡು ಹಾಳೆಗಳ ನಡುವೆ ಮಸಿಯ ಕಾರ್ಬನ್ ಕಾಗದ ಇಟ್ಟು ಹೊಡೆಯುತ್ತಿದ್ದೆ: ಮೇಲಿನ ಪ್ರತಿ ಶಾಲೆಗೆ, ಕೆಳಗಿನ ಕಾರ್ಬನ್ ಪ್ರತಿ ಅವ್ವನಿಗೆ. ಅಭ್ಯಾಸಕ್ಕೆಂದು ಹೊಡೆದ, ಬಟ್ಟೆಯ ಮೂಟೆ ತಲುಪಿಲ್ಲವೆಂಬ ದೂರಿನ ಪತ್ರವನ್ನೂ ಅವಳು ದೇವರ ಜಗಲಿಯ ಮೇಲಿಟ್ಟು, ಓಣಿಯವರನ್ನು ಕರೆದು, "ನನ್ನ ಮಗ ಹೊಡದದ್ದು" ಎಂದು ತೋರಿಸುತ್ತಿದ್ದಳು. ಬಂದವರು ಕೈ ಮುಗಿದೇ ಹೋಗುತ್ತಿದ್ದರು.

ಸಿರುಗುಪ್ಪದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಬೇಕಾಗಿದ್ದಾರೆಂದು ತಿಳಿದಾಗ ಹೊರಟೇಬಿಟ್ಟೆ. ಅಲ್ಲಿಯ ಸಾಹೇಬರಿಗೆ ಮನಸ್ಸಿರಲಿಲ್ಲ. "ಒಂದು ಪುಟ ನಾ ಓದ್ತೀನಿ, ನೀವು ಹೊಡೀರಿ. ಸರಿ ಬಂದ್ರ ನೌಕ್ರಿ. ಬರಲಿಲ್ಲಂದ್ರ ಮತ್ತ ಕೇಳಬ್ಯಾಡ್ರಿ," ಎಂದರು. ನಾನು ಯಂತ್ರವನ್ನೆಲ್ಲ ತಡವಿ, ಅಂಚು ಹೊಂದಿಸಿ, ಹಾಳೆ ಏರಿಸಿ ಕೂತೆ. ಅವರು ಓದಿದರು, ನಾನು ಕುಟ್ಟಿದೆ. ಅವರು ಉಸಿರು ತೆಗೆದುಕೊಳ್ಳುವಾಗ ನಾನು ಕಾಯುತ್ತಿದ್ದೆ, ಅಷ್ಟು ಬೇಗ! ಹಾಳೆ ಎಳೆದು ಮೀಸೆ ತಿರುವುವುದೊಂದು ಬಾಕಿ ಇತ್ತು.

"ಏನ್ರೀ ಇದು? ಬೆಳ್ಳಗ ಐತಲ್ರೀ! ಒಂದಕ್ಷರನೂ ಬಿದ್ದಿಲ್ಲ."

ಯಂತ್ರವನ್ನು ಮತ್ತೆ ತಡವಿದೆ. ನೂರಾರು ಪ್ರತಿ ತೆಗೆಯುವ ಸೈಕ್ಲೋಸ್ಟೈಲಿಗೆಂದು ಸ್ಟೆನ್ಸಿಲ್ ಹಾಳೆಯಲ್ಲಿ ಅಕ್ಷರ ಕೊರೆಯುವಾಗ ಮಸಿಯ ರಿಬ್ಬನ್ನು ಅಡ್ಡ ಬರದಂತೆ ತಪ್ಪಿಸುವ ಸಣ್ಣ ಕೊಕ್ಕೆಯೊಂದಿರುತ್ತದೆ. ನನಗಿಂತ ಮೊದಲು ಕೂತವರು ಅದನ್ನು ಹಾಗೇ ಬಿಟ್ಟಿದ್ದರು. ಎಲ್ಲವನ್ನೂ ತಡವಿದ ಮಹಾಶಯ ನಾನು, ಅದೊಂದನ್ನು ತಡವಿರಲಿಲ್ಲ. ಮಸಿಯೇ ತಾಗದ ಹಾಳೆಯ ಮೇಲೆ ಅಷ್ಟೂ ಪ್ರತಾಪ! ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದ ಸದ್ದಾಯಿತು. ಆಗ ನೆನಪಾಯಿತು: ಅವ್ವ!

"ಸಾರ್, ಒಂದ್ ನಿಮಿಷ. ಅದರ ಕೆಳಗ ಇನ್ನೊಂದು ಹಾಳಿ ಐತಿ, ನೋಡ್ರಿ."

ಕೈ ರೂಢಿಯಂತೆ ಅವ್ವನ ಪಾಲಿನ ಹಾಳೆಯನ್ನೂ ಕಾರ್ಬನ್ನನ್ನೂ ಏರಿಸಿಬಿಟ್ಟಿತ್ತು. ಕಾರ್ಬನ್ನಿಗೆ ರಿಬ್ಬನ್ನಿನ ಹಂಗಿಲ್ಲ, ಪೆಟ್ಟು ಬಿದ್ದರೆ ಸಾಕು. ಸಾಹೇಬರು ಮೊದಲಿನಿಂದ ಕೊನೆಯವರೆಗೆ ಓದಿದರು. ಮತ್ತೊಮ್ಮೆ ಓದಿದರು. "ತಪ್ಪು ಹುಡುಕಿದೆ, ಸಿಗಲಿಲ್ಲ. ನಾಳಿಂದ ಬರ್ರಿ," ಎಂದರು. ಆ ಹಾಳೆಯನ್ನು ಅವರೇ ಇಟ್ಟುಕೊಂಡರು. ನಾನು ಖಾಲಿ ಹಾಳೆಯನ್ನು ಕೇಳಿ ತೆಗೆದುಕೊಂಡೆ. ಅವ್ವನೆದುರು ಬರಿಗೈಲಿ ಹೋಗುವ ಧೈರ್ಯ ನನಗಿರಲಿಲ್ಲ.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಏನಪಾ, ಇದ್ರಾಗ ಏನೂ ಇಲ್ಲಲ್ಲ!"

"ಹಿಂದ ಸವರಿ ನೋಡಬೇ."

ಅವಳ ಒರಟು ಬೆರಳು ಹಾಳೆಯ ಮೇಲೆ ಸರಸರ ಹರಿದು ನಿಂತಿತು. "ಅಯ್ಯ ನನ್ನಪ್ಪ! ಸಾಲು ಸಾಲು ಅದಾವಲ್ಲೋ, ಜ್ವಾಳ ಬಿತ್ತಿದಂಗ!" ನನ್ನ ಕೈ ಹಿಡಿದು ತನ್ನ ಕೈಯ ಪಕ್ಕ ಇಟ್ಟುಕೊಂಡಳು. ಓದು ಬಾರದ ಅವಳೂ ಕಣ್ಣು ಕಾಣದ ನಾನೂ ಕೂಡಿ ಓದಿದ ಹಾಳೆ ಅದೊಂದೇ.

ಬಟ್ಟೆಯ ಮೂಟೆಯ ದೂರು ಜಗಲಿಯಿಂದ ಇಳಿಯಿತು. ಖಾಲಿ ಹಾಳೆ ಏರಿತು. ಇದ್ರಾಗ ಏನೂ ಕಾಣವಲ್ದು ಎಂದು ಓಣಿಯವರು ಅಂದರೆ ಅವ್ವ ಅವರ ಕೈಹಿಡಿದು ಹಾಳೆಯ ಮೇಲಿಡುತ್ತಿದ್ದಳು: "ಹಂಗಲ್ಲ ಬೇ, ಕಣ್ಣ ಮುಚ್ಕೊಂಡು ನೋಡ್ರಿ."