ಹಗೇವಿನ ಉಸಿರು

ಮಲಗಿದ ಕೂಸು ಯಾರದ್ದೇ ಇರಲಿ, ಅದರ ಮೂಗಿನ ಹತ್ತಿರ ಬೆರಳ ಹಿಂಬದಿ ಹಿಡಿದು ನೋಡದೆ ದೇವಕ್ಕ ಮುಂದೆ ಹೋಗುವವಳಲ್ಲ. ಯರಗುಪ್ಪಿಯ ಆ ಓಣಿಯ ಬಾಣಂತಿಯರಿಗೆಲ್ಲ ಇದು ಗೊತ್ತು. ಹಳಬರು ನಗುತ್ತಾರೆ, ಹೊಸದಾಗಿ ಬಂದ ಸೊಸೆಯಂದಿರು ಗಾಬರಿಯಾಗುತ್ತಾರೆ. "ಏನಾತ್ರೀ ಅಜ್ಜಿ?" ಎಂದರೆ, "ಏನಿಲ್ಲವ್ವಾ, ಉಸಿರು ಬೆಚ್ಚಗ ಐತಿ," ಎಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದುಬಿಡುತ್ತಾಳೆ.

ಅವಳ ಮನೆಯ ಅಂಗಳದಲ್ಲಿ ಒಂದು ಕಲ್ಲುಚಪ್ಪಡಿ ಇದೆ. ಅದರ ಕೆಳಗೆ ಹಗೇವು. ಜೋಳ ತುಂಬಿಡಲು ಹಿಂದಿನವರು ನೆಲದಲ್ಲಿ ತೋಡಿದ ಕತ್ತಲಕೋಣೆ ಅದು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಜೋಡಿ ಎತ್ತು ನಿಲ್ಲುವಷ್ಟು ಹೊಟ್ಟೆ. ಹೋದ ಬೇಸಿಗೆಯವರೆಗೆ ಮೂವತ್ತೊಂಬತ್ತು ವರ್ಷ ಆ ಬಾಯಿ ತೆರೆದಿರಲಿಲ್ಲ. ದೇವಕ್ಕ ಚಪ್ಪಡಿಯನ್ನು ತುಳಿಯುವುದಿಲ್ಲ, ಸುತ್ತಿ ಹೋಗುತ್ತಾಳೆ. ಅಂಗಳದ ಕರಿಮಣ್ಣಿನಲ್ಲಿ ಅವಳ ಕಾಲುದಾರಿ ಅಲ್ಲಿ ಬಾಗಿ ಬಿದ್ದಿದೆ.

ಅವಳ ಗಂಡ ಹನಮಂತಪ್ಪ ಸತ್ತದ್ದು ಅದರೊಳಗೆ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಹಗ್ಗಕ್ಕೆ ಉರಿವ ಚಿಮಣಿ ದೀಪ ಕಟ್ಟಿ ಇಳಿಬಿಟ್ಟು, ಅದು ತಳದವರೆಗೂ ಆರದಿದ್ದರೆ ಮಾತ್ರ ಇಳಿಯಬೇಕು. ಇದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಗೊತ್ತಿರಲಿ ಎಂದೇ ಹನಮಂತಪ್ಪನ ಅಣ್ಣ ತಿರಕಪ್ಪ ತಮ್ಮನ ಹೆಸರು ಹಿಡಿದು ಹೇಳುತ್ತ ಬಂದಿದ್ದ. ಹಗೇವು ತೆಗೆಯುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾದ ತಿರಕಪ್ಪನೇ ತಮ್ಮನಿಗೂ ಆ ಕೆಲಸ ಕಲಿಸಿದ್ದ. "ನಮ್ಮ ಹನಮ್ಯಾ ದೀಪ ಇಳಸದ ಇಳದ. ಅಗದೀ ಶ್ಯಾಣ್ಯಾ ಅಂವಾ! ನೀವು ಹಂಗ ಮಾಡಬ್ಯಾಡ್ರಲೇ."

ದೀಪ ಇಳಿಸಿದ್ದು ದೇವಕ್ಕ ಒಬ್ಬಳಿಗೇ ಗೊತ್ತಿತ್ತು.

ಆ ದಿನ ಬಿರುಗಾಳಿ. ತಿರಕಪ್ಪ ತಂಬೂರಿನ ಬೀಗರ ಮನೆಗೆ ಹೋಗಿದ್ದ. ಎಂಟು ತಿಂಗಳ ಮಗಳು ರೇಷ್ಮಾ ಒಳಗೆ ತೊಟ್ಟಿಲಲ್ಲಿ ಒಂದೇ ಸಮನೆ ಅಳುತ್ತಿದ್ದಳು. ದೇವಕ್ಕ ಚಿಮಣಿ ಇಳಿಸಿದಳು, ಆರಿತು. ಎಳೆದು, ಕಡ್ಡಿ ಗೀರಿ ಮತ್ತೆ ಇಳಿಸಿದಳು. ಮತ್ತೆ ಆರಿತು. ಹಾಳು ಗಾಳಿ ಎಂದುಕೊಂಡಳು. ಗಂಡ ಹೊಸದಾಗಿ ತಂದಿದ್ದ ಕೈಬ್ಯಾಟರಿ ಗೋಡೆಯ ಗೂಡಿನಲ್ಲಿತ್ತು. ಅದನ್ನೇ ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಬಿಟ್ಟಳು. ತಳದವರೆಗೆ ಹೋಗಿ ಜೋಳದ ಮೇಲೆ ಬೆಳ್ಳಗೆ ಬೆಳಕು ಚೆಲ್ಲಿತು. ಮೇಲೆಳೆದು ಬಿಚ್ಚುತ್ತಿರುವಾಗ ಹನಮಂತಪ್ಪ ಬಂದ. "ಉರೀತೇನ?" ಎಂದ. ಅವಳ ಕಿವಿಯೆಲ್ಲ ತೊಟ್ಟಿಲ ಕಡೆಗಿತ್ತು. "ಹೂಂ," ಎಂದಳು. ಅವನು ಇಳಿದ.

ಅಷ್ಟು ಆಳದಲ್ಲಿ ಎಲ್ಲಿಯ ಬಿರುಗಾಳಿ? ಈ ಪ್ರಶ್ನೆ ಅವಳಿಗೆ ಬಂದದ್ದು ಓಣಿಯವರು ಕೊಕ್ಕೆ ಹಾಕಿ ಅವನನ್ನು ಮೇಲೆಳೆದು ಅಂಗಳದಲ್ಲಿ ಮಲಗಿಸಿದ ಮೇಲೆ. ನೆರೆಮನೆಯ ಅನ್ನವ್ವ, "ದೀಪ ಇಳಸಲಿಲ್ಲೇನ ಹಂಗಾರ?" ಎಂದು ಎಲ್ಲರನ್ನೂ ಕೇಳಿದಂತೆ ಕೇಳಿದಳು. ದೇವಕ್ಕ ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಆ ಪ್ರಶ್ನೆಯೇ ಊರಿನ ಉತ್ತರವಾಗಿತ್ತು. ರೇಷ್ಮಾ ಅಪ್ಪನನ್ನು ತಿಳಿಗೇಡಿ ಎಂದು ತಿಳಿದೇ ಬೆಳೆದಳು, ಮದುವೆಯಾಗಿ ಅಳ್ನಾವರಕ್ಕೆ ಹೋದಳು.

ಹೋದ ಬೇಸಿಗೆಯಲ್ಲಿ ಧಾರವಾಡದಿಂದ ಅಮೃತಾ ಎಂಬ ಹುಡುಗಿ ಬಂದಳು. ಕಣ್ಣಿಗೆ ಕಾಣದ ಜೀವಿಗಳು ಆಕಾಶದಲ್ಲಿ ಬದುಕಿಯಾವೇ ಎಂದು ಸಂಶೋಧನೆ ಮಾಡುವವಳು. ಬಹಳ ವರ್ಷ ಮುಚ್ಚಿದ ಹಗೇವೊಂದರ ಗೋಡೆಯ ಮಣ್ಣು ಬೇಕಿತ್ತು ಅವಳಿಗೆ. ತಿರಕಪ್ಪನೇ ಕರೆದುಕೊಂಡು ಬಂದ. ದೇವಕ್ಕ ಸೆರಗು ತಲೆಗೆಳೆದು ಹೊಸ್ತಿಲಲ್ಲಿ ಕೂತಳು.

"ಆಕಾಶದ ಕೆಲಸಕ್ಕ ಮಣ್ಣ ಬೇಕಂತಿ. ಹಂಗಾರ ಆಕಾಶಕ್ಕ ಹೋಗವಾ, ನಮ್ಮ ತೆಗ್ಗಿನಾಗ ಏನ ಹುಡಕತಿ?" ಎಂದ ತಿರಕಪ್ಪ.

"ಅಲ್ಲಿನೂ ಗಾಳಿ ಇಲ್ಲ, ಇಲ್ಲಿನೂ ಗಾಳಿ ಇಲ್ರಿ ಕಾಕಾ. ಇಲ್ಲಿಗಾದ್ರ ಬಸ್ಸು ಫ್ರೀ," ಎಂದು ಅಮೃತಾ ನಕ್ಕಳು.

ದೇವಕ್ಕ ನಗಲಿಲ್ಲ. "ಒಳಗ ಏನರ ಜೀವಂತ ಇರತೈತೇನವ್ವಾ?"

"ಇರತಾವ್ರಿ ಅಜ್ಜಿ. ಹಸಿ ಹಿಡದ ಜೋಳ ತಿಂದು ಉಸಿರು ಬಿಟ್ಟಿರತಾವ. ಅದ ಭಾರದ ಗಾಳಿ, ತಳಕ್ಕ ಕೂಡತೈತಿ. ತಿನ್ನಾಕ ಏನೂ ಉಳೀಲಿಲ್ಲ ಅಂದ್ರ ತಮ್ಮ ಸುತ್ತ ಒಂದ ಗಟ್ಟಿ ಸಿಪ್ಪಿ ಮಾಡಕೊಂಡು ಮಲಗಿಬಿಡತಾವ. ಎಷ್ಟೋ ವರ್ಷ. ನೀರು ಬಿತ್ತಂದ್ರ ಮತ್ತ ಏಳತಾವ."

ಹಾಗೆ ಮಲಗಿದ ಜೀವಿಗಳು ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗಬಲ್ಲವೇ ಎಂಬುದೇ ತನ್ನ ಕೆಲಸ ಎಂದು ಅವಳು ವಿವರಿಸಿದಳು. ದೊಡ್ಡ ಉಲ್ಕೆ ಬಡಿದರೆ ಗ್ರಹದ ಕಲ್ಲುಗಳು ಆಕಾಶಕ್ಕೆ ಚಿಮ್ಮುತ್ತವೆ. ಮಂಗಳನ ಕಲ್ಲುಗಳು ನಮ್ಮ ನೆಲದಲ್ಲೂ ಸಿಕ್ಕಿವೆ. ಕಲ್ಲಿನೊಳಗೆ ಮಲಗಿದ್ದು ಅಷ್ಟು ದೂರದ ಪ್ರಯಾಣದಲ್ಲಿ ಸಾಯದೆ ಉಳಿದೀತೇ? ನಮ್ಮ ಭೂಮಿಯ ಮೊದಲ ಜೀವವೇ ಹಾಗೆ ಬಂದಿದ್ದರೆ? ಯಾರಿಗೂ ಇನ್ನೂ ಗೊತ್ತಿಲ್ಲ.

"ಭೂಮಿ ಸುತ್ತ ತಿರುಗೋ ನಿಲ್ದಾಣದ ಹೊರಗ ಇಂಥಾ ಜೀವಿಗಳನ್ನ ಮೂರ ವರ್ಷ ಇಟ್ಟ ನೋಡ್ಯಾರ್ರಿ. ಬಿಸಿಲಿಗಿ ಮ್ಯಾಲಿನ ಪದರ ಪೂರಾ ಸತ್ತಿತ್ತು. ಆದ್ರ ಆ ಸತ್ತವು ಮುಚ್ಚಿದ್ದಕ್ಕ ಅಡಿಯಾಗಿನವು ಬದುಕಿ ಉಳದಿದ್ದುವು."

ದೇವಕ್ಕ ಚಪ್ಪಡಿಯ ಕಡೆ ನೋಡಿದಳು. ಬಿಸಿಲಿಗೆ ಅದು ಬೆಳ್ಳಗೆ ಹೊಳೆಯುತ್ತಿತ್ತು. ಸತ್ತವು ಮೇಲೆ, ಬದುಕಿದವು ಅಡಿಯಲ್ಲಿ. ಇಷ್ಟು ವರ್ಷ ಊರಿನ ಬೈಗುಳವೆಲ್ಲ ಯಾರ ಮೇಲೆ ಬಿದ್ದಿತ್ತು, ಯಾರ ಅಡಿಯಲ್ಲಿ ತಾನು ತಣ್ಣಗೆ ಉಂಡು ಮಲಗಿದ್ದೆ ಎಂಬುದು ಈ ಹುಡುಗಿಗೆ ಹೇಗೆ ಗೊತ್ತಾಯಿತು ಎನ್ನಿಸಿ ಒಂದು ಗಳಿಗೆ ಹೆದರಿದಳು.

ಅಮೃತಾ ಹಾಳೆ ತೆಗೆದಳು. "ಯಾವಾಗ ಮುಚ್ಚಿದ್ದು, ಯಾಕ ಮುಚ್ಚಿದ್ದು, ಎಲ್ಲಾ ಬರೀಬೇಕ್ರಿ. ಇದು ಅಚ್ಚಾಗತೈತಿ. ಹೊರದೇಶದವರೂ ಓದತಾರ."

"ಬರಕೋ," ಎಂದ ತಿರಕಪ್ಪ. ಇದು ಅವನಿಗೆ ಬಾಯಿಪಾಠ. "ಹನಮಂತಪ್ಪ ಅನ್ನಾಂವ ದೀಪ ಇಳಸದ ಇಳದು ಸತ್ತ. ಅದಕ್ಕ ಮುಚ್ಚೇವಿ."

ಪೆನ್ನು ಓಡಿತು. ಊರಿನ ಬಾಯಲ್ಲಿದ್ದ ಮಾತು ಬೇರೆ, ಕಾಗದದ ಮೇಲೆ ಕರಿ ಅಕ್ಷರವಾಗಿ ಕೂತು ಯಾರೂ ಕಾಣದ ದೇಶಗಳಿಗೆ ಹೋಗುವ ಮಾತು ಬೇರೆ. ಅಲ್ಲಿಗೆ ಹೋದ ಮೇಲೆ ಅದನ್ನು ಯಾರು ಬೆನ್ನಟ್ಟಿ ತಿದ್ದಬೇಕು?

"ಅದನ್ನ ಹೊಡದ ಹಾಕವ್ವಾ," ಎಂದಳು ದೇವಕ್ಕ.

"ಯಾಕ ಬೇ, ಏನ ತಪ್ಪಾತು?" ಎಂದ ತಿರಕಪ್ಪ.

"ದೀಪ ಇಳಸಿದ್ದೆ ಬಾವಾರ. ಎರಡ ಸಲ. ಎರಡೂ ಸಲ ಆರಿತು. ಗಾಳಿಗಿ ಆರತೈತಿ ಅಂತ ಬ್ಯಾಟರಿ ಬಿಟ್ಟೆ. ಅವರು ಉರೀತೇನ ಅಂತ ಕೇಳಿದ್ರು. ನಾ ಹೂಂ ಅಂದೆ."

ತಿರಕಪ್ಪ ಬೈಯಲಿಲ್ಲ. ಅವಳು ಅದಕ್ಕೇ ಕಾದಿದ್ದಳು, ಬೈದಿದ್ದರೆ ಹಗುರಾಗುತ್ತಿತ್ತೇನೋ. "ಅಂವ ಕೇಳಿದ್ನೇನ?" ಎಂದ, ಅಷ್ಟೇ. ಅಮೃತಾ ತಿದ್ದಿ ಬರೆದ ಹಾಳೆಯನ್ನು ಎರಡು ಸಲ ಓದಿಸಿ ಕೇಳಿದ. ಆಮೇಲೆ ಹಾರೆ ತರಿಸಿ ಚಪ್ಪಡಿ ಸರಿಸಿದ. ಒಳಗಿಂದ ಹುಳಿ ವಾಸನೆ ಎದ್ದಿತು, ಹಳೇ ಅಂಬಲಿಯ ಹಾಗೆ. ಯಾರೂ ಇಳಿಯಲಿಲ್ಲ. ಹುಡುಗಿ ಉದ್ದನೆಯ ಕೋಲಿನ ತುದಿಗೆ ಸೀಸೆ ಕಟ್ಟಿ ಗೋಡೆ ಕೆರೆದು ಮಣ್ಣು ತೆಗೆದಳು. ಮತ್ತೆ ಮುಚ್ಚಿದರು.

ರೇಷ್ಮಾಳಿಗೆ ದೇವಕ್ಕ ಅವತ್ತೇ ಫೋನು ಮಾಡಿ ಹೇಳಿದಳು. ಆ ಕಡೆಯಿಂದ ಕರೆ ಕಡಿದುಹೋಯಿತು. ಮಗಳ ಕರೆ ಮತ್ತೆ ಬಂದಿಲ್ಲ.

ಮೂರು ವಾರದ ಮೇಲೆ ಅಮೃತಾಳ ಕರೆ ಬಂತು. "ಅಜ್ಜಿ, ಎದ್ದಾವ್ರಿ! ನೀರು, ಊಟ ಕೊಟ್ಟ ಎರಡನೇ ದಿನಾನ ಎದ್ದಾವ. ಇನ್ನ ಒಣಗಿಸಿ, ಥಂಡಿ ಹಿಡಸಿ, ಬಿಸಿಲು ಹೊಡಸಿ ನೋಡತೇವಿ, ಎಷ್ಟ್ ತಡೀತಾವ ಅಂತ."

ಗಂಡನ ಉಸಿರು ನಿಲ್ಲಿಸಿದವು ಎದ್ದು ಕೂತಿವೆ. ಅವುಗಳ ಜೊತೆ ಅವನ ಮೈಯದೂ, ಬಾಯದೂ ಏನಾದರೂ ಆ ಗೋಡೆಗೆ ಅಂಟಿ ಮಲಗಿತ್ತೇ, ಅದೂ ಎದ್ದಿತೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ತಿರಕಪ್ಪ ಈಗ ದಿನಾ ಮುಂಜಾನೆ ಬರುತ್ತಾನೆ. ಮಕ್ಕಳಿಗೆ ಹೇಳುವ ಮಾತು ಬಿಟ್ಟಿದ್ದಾನೆ. ಅಂಗಳದಲ್ಲಿ ಕೂತು ಚಹಾ ಹಿಡಿದು, "ಹೇಳ ಬೇ," ಎನ್ನುತ್ತಾನೆ. ಅವಳು ಹೇಳಬೇಕು, ಮೊದಲಿಂದ. ಬಿರುಗಾಳಿ, ಚಿಮಣಿ, ಮತ್ತೆ ಚಿಮಣಿ. "ಉರೀತೇನ" ಎಂಬಲ್ಲಿಗೆ ಬಂದಾಗ ಅವನ ಮುಖ ಸಡಿಲಾಗುತ್ತದೆ. ತಮ್ಮ ಕೇಳಿದ್ದ, ತಾನು ಕಲಿಸಿದ್ದನ್ನು ಮರೆತಿರಲಿಲ್ಲ. ಅಷ್ಟನ್ನೇ ಕೇಳಲು ಅವನು ನಾಳೆಯೂ ಬರುತ್ತಾನೆ.

ಜೀವಿಗಳು ಎದ್ದ ಸುದ್ದಿ ಹೇಳಿದ ದಿನವೂ ಅವನು ಅದಕ್ಕೆ ಕಿವಿಗೊಡಲಿಲ್ಲ. "ಅದಿರಲಿ, ನೀ ಹೇಳು," ಎಂದ.

ಹೇಳಿದಳು. "ಅವರು ಕೇಳಿದ್ರು. ನಾ ಹೂಂ ಅಂದೆ," ಎಂದು ನಿಲ್ಲಿಸಿದಳು. ಅಲ್ಲಿಂದಾಚೆಗೆ, ಅವನು ಇಳಿದದ್ದಕ್ಕೆ, ಅನ್ನವ್ವ ಕೇಳಿದಾಗ ತಾನು ಬಾಯಿ ಬಿಡದ್ದಕ್ಕೆ, ಅವಳು ಎಂದೂ ಹೋದವಳಲ್ಲ.

ತಿರಕಪ್ಪ ಬಟ್ಟಲು ಕೆಳಗಿಟ್ಟ.

"ಮುಂದ?" ಎಂದ.